ಟೂಲ್‌ಬಾರ್ ಕಾಣುತ್ತೆ, ಹ್ಯಾಂಡ್ಲರ್ ಕಾಣಲ್ಲ

ಸಿನಿಮಾಗೆ ವಿಮರ್ಶೆ ಇದೆ, ಪುಸ್ತಕಕ್ಕಿದೆ, ಬೆಣ್ಣೆ ದೋಸೆಗೂ ಇದೆ. ದಿನಕ್ಕೆ ಎಂಟು ಗಂಟೆ ನಾವು ಟೈಪ್ ಮಾಡುವ ಆ ಬಿಳಿ ಪೆಟ್ಟಿಗೆಗೆ ಮಾತ್ರ ಯಾರೂ ವಿಮರ್ಶೆ ಬರೆದಿದ್ದು ನಾನು ನೋಡಿಲ್ಲ. ಮೇಲೆ ಸಾಲಾಗಿ ಬಟನ್‌ಗಳು, ಕೆಳಗೆ ಖಾಲಿ ಜಾಗ, ಜಾಗದಲ್ಲಿ ಮಿಣಕ್ ಮಿಣಕ್ ಅನ್ನೋ ಕರ್ಸರ್. ವೆಬ್ ಪುಟ ಕಟ್ಟುವವರು ಇದನ್ನ ಎಡಿಟರ್ ಅಂತೀವಿ. ಕಳೆದ ಮಳೆಗಾಲದಲ್ಲಿ ಒಬ್ಬ ಗೆಳೆಯನ ಮಾತು ತೆಗೆದುಹಾಕಲಾಗದೆ ಒಂದು ಸಣ್ಣ ಕನ್ನಡ ಸುದ್ದಿತಾಣಕ್ಕೆ ಇಂಥದ್ದೊಂದನ್ನ ಹೊಂದಿಸಿಕೊಟ್ಟೆ. ಆಫೀಸ್ ಕೆಲಸ ಮುಗಿದ ಮೇಲೆ, ರಾತ್ರಿ ಊಟ ಆದ ಮೇಲೆ, ಮೂರು ವಾರ. ತಾಣದ ಹೆಸರು ಬೇಡ. ಅಲ್ಲಿ ಆದ ಎಡವಟ್ಟು ನನ್ನದು, ಅವರದ್ದಲ್ಲ.

ಮೊದಲು ಸುಲಭದ ಭಾಗ ಹೇಳ್ತೀನಿ. ಟೂಲ್‌ಬಾರ್ ಬದಲಾಯಿಸೋದು ಇವತ್ತು ಎಷ್ಟು ಸಲೀಸು ಅಂದ್ರೆ, ಟೈನಿಎಂಸಿಇ ಅನ್ನೋ ಎಡಿಟರ್‌ನಲ್ಲಿ ಅದು ಒಂದು ಸಾಲು. ಅನ್‌ಡು, ರೀಡು, ಒಂದು ಉದ್ದ ಗೆರೆ, ಬೋಲ್ಡ್, ಇಟಾಲಿಕ್, ಮತ್ತೊಂದು ಗೆರೆ, ಲಿಂಕ್. ಹೆಸರುಗಳನ್ನ ಜಾಗ ಬಿಟ್ಟು ಬರೆದರೆ ಬಟನ್‌ಗಳು ಅದೇ ಕ್ರಮದಲ್ಲಿ ಬಂದು ಕೂರುತ್ತವೆ, ಗೆರೆ ಹಾಕಿದ ಕಡೆ ಗುಂಪು ಒಡೆಯುತ್ತೆ. ಮದುವೆ ಊಟದ ಮೆನು ಬರೆದಷ್ಟೇ ಸರಳ. 2004ರಿಂದ ಇರುವ ಈ ಎಡಿಟರ್ ಇಷ್ಟು ಕಾಲ ಬಾಳಿದ್ದಕ್ಕೆ, ವರ್ಡ್‌ಪ್ರೆಸ್ ಅದನ್ನ ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಕ್ಕೆ, ಈ ಸರಳತೆಯೂ ಒಂದು ಕಾರಣ ಅಂತ ನನ್ನ ಅಂದಾಜು. ಸಿಕೆಎಡಿಟರ್‌ನಲ್ಲೂ ಹೆಚ್ಚುಕಡಿಮೆ ಹೀಗೇ, ಹೆಸರುಗಳ ಪಟ್ಟಿ ಕೊಟ್ಟರಾಯ್ತು. (ಅದರ ಮೊದಲಿನ ಹೆಸರು ಎಫ್‌ಸಿಕೆಎಡಿಟರ್. ಮಾಡಿದವರ ಹೆಸರಿನ ಮೊದಲಕ್ಷರಗಳು ಅವು. ಇಂಗ್ಲಿಷ್‌ನಲ್ಲಿ ಬೇರೇನೋ ಓದಿಸಿಕೊಳ್ಳುತ್ತೆ. 2009ರಲ್ಲಿ ಎಫ್ ಉದುರಿತು.)

ಇಷ್ಟು ಸಲೀಸಾದ್ದರಿಂದಲೇ ನಮಗೆಲ್ಲ ಟೂಲ್‌ಬಾರ್ ಅಂದ್ರೆ ಪ್ರೀತಿ. ಮೀಟಿಂಗ್‌ನಲ್ಲಿ ಕೂತು ಗಂಟೆಗಟ್ಟಲೆ ಚರ್ಚೆ ಮಾಡ್ತೀವಿ. ಲಿಂಕ್ ಬಟನ್ ಎಡಕ್ಕಿರಲಿ, ಇಮೇಜ್ ಬಟನ್ ಬಲಕ್ಕಿರಲಿ, ಬಣ್ಣದ ಬಟನ್ ಬೇಡವೇ ಬೇಡ. ಸುದ್ದಿತಾಣದವರೂ ಹಾಗೇ ಮಾಡಿದ್ರು. ವರದಿಗಾರರಿಗೆ ಕೆಂಪು ಅಕ್ಷರ ಬೇಕು, ಸಂಪಾದಕರಿಗೆ ಬೇಡ. ಎರಡು ಸಂಜೆ ಅದರಲ್ಲೇ ಹೋಯ್ತು. ಕೊನೆಗೆ ಸಂಪಾದಕರು ಗೆದ್ದರು, ವರದಿಗಾರರು ಕೆಂಪು ವೃತ್ತದ ಇಮೋಜಿ ಹಾಕೋಕೆ ಶುರು ಮಾಡಿದ್ರು.

ಆದ್ರೆ ಆ ಬಟನ್‌ಗಳನ್ನ ಒಂದೊಂದಾಗಿ ನೋಡಿ. ಬಿ, ಐ, ಯು. ಜರ್ಮನ್ ಭಾಷೆಯ ವರ್ಡ್ ತೆರೆದರೆ ಅಲ್ಲಿ ಬಿ ಇರಲ್ಲ, ಎಫ್ ಇರುತ್ತೆ, ಅವರ ಭಾಷೆಯಲ್ಲಿ ದಪ್ಪ ಅನ್ನೋ ಪದದ ಮೊದಲಕ್ಷರ ಅದು. ಫ್ರೆಂಚ್‌ನಲ್ಲಿ ಜಿ. ನಾವು ಕನ್ನಡದವರು ಬಿ ಅನ್ನೋದನ್ನ ಚಿತ್ರ ಅಂತಲೇ ಒಪ್ಪಿಕೊಂಡಿದ್ದೀವಿ, ಹಾಗಾಗಿ ಅದಕ್ಕೆ ನನ್ನ ತಕರಾರಿಲ್ಲ. ಬಟನ್ ಮೇಲೆ 'ದ' ಅಂತ ಬರೆದು ಕನ್ನಡ ಉಳಿಸಿದೆ ಅಂತ ಎದೆ ತಟ್ಟಿಕೊಳ್ಳುವ ಆಸೆಯೂ ಇಲ್ಲ. ನನ್ನ ತಕರಾರು ಐ ಬಟನ್ ಬಗ್ಗೆ. ಕನ್ನಡದ ಅಚ್ಚಿನಲ್ಲಿ ಓರೆ ಅಕ್ಷರದ ರೂಢಿ ಬಲವಾಗಿ ಬೆಳೆದೇ ಇಲ್ಲ. ಒತ್ತಿ ಹೇಳಬೇಕಾದ್ರೆ ದಪ್ಪ ಮಾಡ್ತೀವಿ, ಇಲ್ಲಾ ಉದ್ಧರಣೆ ಚಿಹ್ನೆ ಹಾಕ್ತೀವಿ. ನೋಟೊ ಸ್ಯಾನ್ಸ್ ಕನ್ನಡ ಫಾಂಟ್‌ನಲ್ಲಿ ಇಟಾಲಿಕ್ ಇಲ್ಲ. ಆದ್ರೂ ಬಟನ್ ಒತ್ತಿದ್ರೆ ಬ್ರೌಸರ್ ಸುಮ್ಮನಿರಲ್ಲ, ಇರೋ ಅಕ್ಷರವನ್ನೇ ಬಲಕ್ಕೆ ಬಗ್ಗಿಸಿ ನಿಲ್ಲಿಸುತ್ತೆ. ಗಾಳಿಗೆ ವಾಲಿದ ರಾಗಿ ತೆನೆ ಥರ, ಕೆಳಗಿನ ಒತ್ತಕ್ಷರ ಒಂದು ಕಡೆ, ಮೇಲಿನ ತಲೆಕಟ್ಟು ಇನ್ನೊಂದು ಕಡೆ. ಫಾಂಟ್ ಪಟ್ಟಿಯೂ ಅಷ್ಟೇ. ಏರಿಯಲ್, ಜಾರ್ಜಿಯಾ, ಟೈಮ್ಸ್ ನ್ಯೂ ರೋಮನ್, ಅದೊಂದರಲ್ಲೂ ಕನ್ನಡ ಅಕ್ಷರವೇ ಇಲ್ಲ. ನೀವು ಏರಿಯಲ್‌ನಿಂದ ಜಾರ್ಜಿಯಾಗೆ ಬದಲಾಯಿಸಿದ್ರೂ ಕನ್ನಡ ಸಾಲು ಕದಲಲ್ಲ, ಅಂಕಿಗಳು ಮಾತ್ರ ಬದಲಾಗುತ್ತವೆ. ಎರಡನ್ನೂ ಕಿತ್ತು ಹಾಕಿದೆ. ಯಾರೂ ಕೇಳಲಿಲ್ಲ.

ಕಿತ್ತು ಹಾಕೋದು ಯಾವಾಗಲೂ ಇಷ್ಟು ನಿರಪಾಯ ಅಂತಲ್ಲ. ಸಿಕೆಎಡಿಟರ್ 4.1 ಅಂತ 2013ರಲ್ಲಿ ಒಂದು ಆವೃತ್ತಿ ಬಂತು. ಅಲ್ಲಿಂದ ಶುರುವಾದ ಒಂದು ಏರ್ಪಾಡು ನನಗೆ ಇಡೀ ಎಡಿಟರ್ ಲೋಕದ ಅತಿ ಸ್ವಾರಸ್ಯದ, ಅತಿ ಕ್ರೂರ ನಿರ್ಧಾರ ಅನ್ನಿಸುತ್ತೆ. ಟೂಲ್‌ಬಾರ್‌ನಲ್ಲಿ ಯಾವ ಬಟನ್ ಇಲ್ಲವೋ ಆ ಬಟನ್ ಮಾಡುವ ಕೆಲಸವೂ ಬರಹದಲ್ಲಿ ಇರಬಾರದು ಅಂತ ಅದು ತಾನೇ ತೀರ್ಮಾನ ಮಾಡುತ್ತೆ. ಅಡಿಗೆರೆ ಬಟನ್ ತೆಗೆದರೆ ಅಡಿಗೆರೆಗಳೂ ಹೋದವು. ಚಿತ್ರದ ಬಟನ್ ತೆಗೆದ್ರಿ ಅಂದ್ಕೊಳ್ಳಿ, ಹಳೇ ಲೇಖನವೊಂದನ್ನ ಒಂದು ಕಾಗುಣಿತ ತಿದ್ದೋಣ ಅಂತ ತೆರೆದು ಉಳಿಸಿದ್ರೆ, ಅದರೊಳಗಿದ್ದ ಚಿತ್ರಗಳೂ ಮಾಯ. ಇದಕ್ಕೆ ಕಾರಣ ಇದೆ, ಒಳ್ಳೇ ಕಾರಣವೇ. ವರ್ಡ್‌ನಿಂದ ಅಂಟಿಸಿದ ಕಸವೆಲ್ಲ ಸೋಸಿ ಹೋಗುತ್ತೆ, ಟೂಲ್‌ಬಾರ್ ಹೇಗಿದೆಯೋ ಬರಹ ಹಾಗೇ ಇರುತ್ತೆ. ಅದನ್ನ ಬಂದ್ ಮಾಡೋಕೆ ಒಂದು ಸೆಟ್ಟಿಂಗ್ ಕೂಡ ಇದೆ, ದಾಖಲೆಯಲ್ಲಿ ವಿವರವಾಗಿ ಬರೆದಿದ್ದಾರೆ. ಆದ್ರೂ, ಮನೆಯ ಅಟ್ಟಕ್ಕೆ ಹತ್ತುವ ಏಣಿ ತೆಗೆದ್ರೆ ಅಟ್ಟದ ಮೇಲಿನ ಸಾಮಾನೂ ತಿಪ್ಪೆಗೆ ಹೋಗಲಿ ಅನ್ನುವ ನಿಯಮ ಇದು. ಬಟನ್ ಅನ್ನೋದು ಬರೆಯುವವನಿಗೆ ಅನುಕೂಲ. ಅದನ್ನ ಹಳೇ ಬರಹದ ಹಣೆಬರಹ ಮಾಡಿದ್ದು ಹೆಚ್ಚಾಯ್ತು. ಆ 4ನೇ ಪೀಳಿಗೆಯ ಉಚಿತ ಬೆಂಬಲ 2023ರಲ್ಲಿ ನಿಂತಿದೆ. ಎಷ್ಟೋ ತಾಣಗಳ ಹಳೇ ಪುಟಗಳು ಇನ್ನೂ ಅದರ ಮೂಲಕವೇ ತೆರೆದುಕೊಳ್ತಾ ಇರಬಹುದು.

ಟೈನಿಎಂಸಿಇಯದ್ದು ಬೇರೆ ಥರದ ಸಿಟ್ಟು ತರಿಸುತ್ತೆ. ನಿಮ್ಮದೇ ಬಟನ್ ಸೇರಿಸಬೇಕು ಅಂದ್ರೆ 4ನೇ ಆವೃತ್ತಿಯಲ್ಲಿ ಆಡ್‌ಬಟನ್ ಅಂತ ನೇರವಾಗಿ ಎಡಿಟರ್‌ಗೇ ಹೇಳಬಹುದಿತ್ತು, ಒತ್ತಿದಾಗ ಆಗಬೇಕಾದ್ದನ್ನ ಆನ್‌ಕ್ಲಿಕ್ ಅಂತ ಕೊಡಬಹುದಿತ್ತು. 2019ರ 5ನೇ ಆವೃತ್ತಿಯಲ್ಲಿ ಅದೇ ಆಡ್‌ಬಟನ್ ಯುಐ ಅನ್ನುವುದರ ಒಳಗಿನ ರಿಜಿಸ್ಟ್ರಿಯ ಒಳಗೆ ಹೋಗಿ ಕೂತಿತು, ಆನ್‌ಕ್ಲಿಕ್ ಹೋಗಿ ಆನ್‌ಆ್ಯಕ್ಷನ್ ಆಯ್ತು. ತರ್ಕ ಸರಿ ಇದೆ. ಆದ್ರೆ ಹುಡುಕಿದಾಗ ಸಿಗುವ ಅರ್ಧ ಉದಾಹರಣೆಗಳು ಹಳೇವು. ರಾತ್ರಿ ಹನ್ನೊಂದೂವರೆಗೆ ಅದನ್ನ ನಕಲು ಮಾಡಿ ಅಂಟಿಸುವ ನನ್ನಂಥವನಿಗೆ ಬಟನ್ ಯಾಕೆ ಬರಲಿಲ್ಲ ಅಂತ ಗೊತ್ತಾಗೋಕೆ ಒಂದು ಗಂಟೆ ಬೇಕು.

ಆ ಒಂದು ಗಂಟೆ ಕಳೆದು ನಾನು ಸೇರಿಸಿದ ಬಟನ್ ಬಗ್ಗೆ ಮಾತ್ರ ನನಗೆ ಈಗಲೂ ಹೆಮ್ಮೆ. ಹೆಸರು 'ನುಡಿಯಿಂದ ಯೂನಿಕೋಡ್'. ನಮ್ಮ ತಾಲ್ಲೂಕುಗಳಲ್ಲಿ ಸುದ್ದಿ, ಪ್ರಕಟಣೆ, ಪಂಚಾಯ್ತಿ ನೋಟಿಸು ಇವತ್ತಿಗೂ ಎಷ್ಟೋ ಸಲ ಹಳೇ ನುಡಿ, ಬರಹ ಫಾಂಟ್‌ಗಳಲ್ಲೇ ಬರುತ್ತೆ. ಅವು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟ್‌ಗಳು. ವೆಬ್ ಎಡಿಟರ್‌ಗೆ ಅಂಟಿಸಿದ್ರೆ ವೇಷ ಕಳಚಿ ಬೀಳುತ್ತೆ, ಪೌಂಡ್ ಗುರುತು, ತಲೆ ಮೇಲೆ ಗೆರೆಯಿರುವ ಎ, ಏನೇನೋ. ಅದನ್ನ ಯೂನಿಕೋಡ್‌ಗೆ ತಿರುಗಿಸುವ ಕೋಡ್ ಮುಕ್ತವಾಗಿಯೇ ಸಿಗುತ್ತೆ. ಕಷ್ಟ ಇರೋದು ಇನ್ನೊಂದು ಕಡೆ. ಒಂದೇ ಪ್ಯಾರಾದಲ್ಲಿ ನುಡಿಯ ಕನ್ನಡವೂ ಇರುತ್ತೆ, ನಿಜವಾದ ಇಂಗ್ಲಿಷ್ ಹೆಸರೂ ಇರುತ್ತೆ. ಯಾವುದು ಯಾವುದು ಅಂತ ತಿಳಿಯೋಕೆ ಇರುವ ಒಂದೇ ಸುಳಿವು ಫಾಂಟ್‌ನ ಹೆಸರು. ಎಡಿಟರ್‌ಗಳೋ, ಅಂಟಿಸಿದ ತಕ್ಷಣ 'ಶುದ್ಧೀಕರಣ' ಅಂತ ಮೊದಲು ಒರೆಸಿ ಹಾಕೋದೇ ಫಾಂಟ್ ಹೆಸರನ್ನ! ಹಾಗಾಗಿ ಬಟನ್ ಒಂದರಿಂದ ಕೆಲಸ ಆಗಲ್ಲ. ಅಂಟಿಸುವ ಕ್ಷಣಕ್ಕೆ, ಒರೆಸುವ ಮೊದಲು ಓಡುವ ಒಂದು ಹ್ಯಾಂಡ್ಲರ್ ಬೇಕು. ಅದು ಬಂದ ಸರಕಿನಲ್ಲಿ ನುಡಿ ಎಲ್ಲೆಲ್ಲಿದೆ ಅಂತ ಗುರುತು ಹಾಕಿಟ್ಟರೆ, ಆಮೇಲೆ ಬಟನ್ ಒತ್ತಿದಾಗ ಆ ತುಂಡುಗಳನ್ನ ಮಾತ್ರ ತಿರುಗಿಸಬಹುದು.

ಇಲ್ಲಿಗೆ ಹ್ಯಾಂಡ್ಲರ್ ಅಂದ್ರೇನು ಅಂತ, ಕೋಡ್ ಬರೆಯದವರಿಗಾಗಿ, ಒಂದು ಮಾತು. ನಮ್ಮೂರಲ್ಲಿ ಕೆರೆಗೆ ಒಬ್ಬ ನೀರುಗಂಟಿ ಇದ್ದ. ನೀರು ಇಷ್ಟು ಬಂದ್ರೆ ತೂಬು ಎತ್ತು, ಇಷ್ಟಕ್ಕೆ ಇಳಿದ್ರೆ ಮುಚ್ಚು. ಉಳಿದ ಹೊತ್ತು ಏರಿ ಮೇಲೆ ಬೀಡಿ ಸೇದ್ತಾ ಕೂತಿರ್ತಿದ್ದ. ಹ್ಯಾಂಡ್ಲರ್ ಕೂಡ ಹಾಗೇ, ಇಂಥದ್ದು ನಡೆದಾಗ ಹೀಗೆ ಮಾಡು ಅಂತ ಹೇಳಿ ಕೂರಿಸಿದ ಆಳು. ಕೀಲಿ ಒತ್ತಿದಾಗ, ಅಂಟಿಸಿದಾಗ, ಕರ್ಸರ್ ಹೊರಗೆ ಹೋದಾಗ, ಉಳಿಸುವಾಗ. ಊರಿಗೆ ನೀರು ಹೇಗೆ ಬರುತ್ತೆ ಅನ್ನೋದನ್ನ ತೀರ್ಮಾನಿಸೋದು ಅವನು. ಆದ್ರೆ ಹೊಲದಲ್ಲಿ ನಿಂತವನಿಗೆ ಅವನು ಕಾಣಲ್ಲ. ಕೆಲವೊಮ್ಮೆ ನಾವು ಅವನನ್ನ ಕೂರಿಸುವ ಕೆರೆಯೇ ತಪ್ಪಿರುತ್ತೆ. ಟೈನಿಎಂಸಿಇಯ ಮಾಮೂಲಿ ರೂಪದಲ್ಲಿ, ಗ್ರೇಪ್ಸ್‌ಜೆಎಸ್ ಥರದ ಪುಟ ಕಟ್ಟುವ ಎಡಿಟರ್‌ಗಳಲ್ಲಿ, ಬರೆಯುವ ಜಾಗ ಐಫ್ರೇಮ್ ಅನ್ನುವ ಬೇರೆಯೇ ಪುಟದೊಳಗಿರುತ್ತೆ. ಹೊರಗಿನ ಪುಟದಲ್ಲಿ ಕೂತ ಹ್ಯಾಂಡ್ಲರ್‌ಗೆ ಒಳಗಿನ ಕೀಲಿಯ ಸದ್ದು ಕೇಳೋದೇ ಇಲ್ಲ. ಹೊಸಬರೆಲ್ಲ ಇದರಲ್ಲಿ ಒಂದು ದಿನ ಕಳೆದುಕೊಳ್ತಾರೆ. ನಾನು ಎರಡು ದಿನ ಕಳೆದುಕೊಂಡೆ.

ಈಗ ನನ್ನ ಎಡವಟ್ಟು.

ಸುದ್ದಿತಾಣದವರು ಕೇಳಿದ ಒಂದು ಸಣ್ಣ ಕೆಲಸ: ಶೀರ್ಷಿಕೆ 60 ಅಕ್ಷರ ಮೀರಬಾರದು. ಅರವತ್ತು ಯಾಕೆ ಅಂದ್ರೆ, ಹುಡುಕಾಟದ ಫಲಿತಾಂಶದಲ್ಲಿ ಅದಕ್ಕಿಂತ ಉದ್ದ ಇದ್ರೆ ತುಂಡಾಗುತ್ತೆ ಅಂತ ಯಾವುದೋ ಇಂಗ್ಲಿಷ್ ಲೇಖನದಲ್ಲಿ ಓದಿದ್ರು. ನಾನೂ ಓದಿದ್ದೆ. ಶೀರ್ಷಿಕೆಯ ಪೆಟ್ಟಿಗೆಗೆ ಕೀಡೌನ್ ಹ್ಯಾಂಡ್ಲರ್ ಹಾಕಿದೆ. ಕೀಲಿ ಒತ್ತಿದ ಕ್ಷಣಕ್ಕೆ ಉದ್ದ ನೋಡು, 60 ಆಗಿದ್ರೆ ಆ ಕೀಲಿಯನ್ನ ತಡೆದುಬಿಡು. ಮೂರು ಸಾಲು. ಟೆಸ್ಟ್ ಮಾಡಿದೆ. ಏನಂತ ಟೈಪ್ ಮಾಡಿದೆ ಹೇಳಿ? ಎ ಎಸ್ ಡಿ ಎಫ್, ಎ ಎಸ್ ಡಿ ಎಫ್. ಎಡಗೈ ಬೆರಳು ನಿಂತಲ್ಲೇ ನಾಲ್ಕು ಕೀಲಿ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವನು, ಕನ್ನಡ ಸುದ್ದಿತಾಣದ ಶೀರ್ಷಿಕೆ ಪೆಟ್ಟಿಗೆಯನ್ನ ಪರೀಕ್ಷೆ ಮಾಡಿದ್ದು ಹೀಗೆ. ಅರವತ್ತಕ್ಕೆ ನಿಂತಿತು. ಖುಷಿಯಾಗಿ ಮಲಗಿದೆ.

ಮಾರನೇ ದಿನ ಫೋನ್‌ನಲ್ಲಿ ನೋಡಿದ್ರೆ ನಿಲ್ಲಲೇ ಇಲ್ಲ. ಕಾರಣ ಆಮೇಲೆ ಗೊತ್ತಾಯ್ತು. ಇಂಗ್ಲಿಷ್ ಕೀಲಿಮಣೆಯಲ್ಲಿ ಒಂದು ಕೀಲಿ ಅಂದ್ರೆ ಒಂದು ಅಕ್ಷರ. ಕನ್ನಡದಲ್ಲಿ ಹಾಗಲ್ಲ, ಅಕ್ಷರ ಕಟ್ಟಿಕೊಳ್ಳುತ್ತೆ. ಕ ಒತ್ತಿ, ಹಲಂತದ ಕೀಲಿ ಒತ್ತಿ, ಷ ಒತ್ತಿದ್ರೆ ಕ್ಷ. ಫೋನ್‌ನಲ್ಲಿ ಇಂಗ್ಲಿಷ್ ಅಕ್ಷರ ಕುಟ್ಟಿ, ಮೇಲೆ ತೋರಿಸುವ ಕನ್ನಡ ಪದಗಳಲ್ಲಿ ಒಂದನ್ನ ಆರಿಸುವವರೇ ಜಾಸ್ತಿ. ಆ ಹೊತ್ತಿನಲ್ಲಿ ಯಾವ ಕೀಲಿ ಒತ್ತಿದ್ರಿ ಅಂತ ಕೀಲಿಮಣೆ ಪುಟಕ್ಕೆ ಹೇಳಲ್ಲ. 229 ಅನ್ನುವ ಒಂದೇ ಸಂಖ್ಯೆ ಕಳಿಸುತ್ತೆ. 'ಏನೋ ನಡೀತಿದೆ, ಮುಗಿದ ಮೇಲೆ ಹೇಳ್ತೀನಿ' ಅನ್ನೋದು ಅದರ ಅರ್ಥ. ತಡೆದ್ರೂ ಅದು ಕೇಳಲ್ಲ. ಇದಕ್ಕಾಗಿಯೇ ಕಾಂಪೊಸಿಷನ್ ಶುರು, ಕಾಂಪೊಸಿಷನ್ ಮುಗಿತು ಅಂತ ಬೇರೆ ಇವೆಂಟ್‌ಗಳಿವೆ, ಇನ್‌ಪುಟ್ ಅಂತ ಇನ್ನೊಂದಿದೆ. ಚೀನಿ, ಜಪಾನಿ ಭಾಷೆಯವರು ಗಲಾಟೆ ಮಾಡಿದ್ದಕ್ಕೆ ಅವು ನೆಟ್ಟಗೆ ಆಗಿವೆ ಅಂತ ನನ್ನ ಗುಮಾನಿ. ನಾವು ಗಲಾಟೆ ಮಾಡಲಿಲ್ಲ, ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ 'ಅಡ್ಜಸ್ಟ್' ಮಾಡ್ಕೊಂಡ್ವಿ.

ನಾನು ಆಗ ಅದನ್ನೆಲ್ಲ ಓದಲಿಲ್ಲ. ಬಟ್ಟೆ ಹರಿದ ಕಡೆ ತೇಪೆ ಹಾಕಿದೆ. ಉಳಿಸುವಾಗ ಓಡುವ ಹ್ಯಾಂಡ್ಲರ್‌ನಲ್ಲಿ ಒಂದು ಸಾಲು: ಮೊದಲ 60 ಇಟ್ಟುಕೋ, ಮಿಕ್ಕಿದ್ದು ಬಿಡು. ಎಚ್ಚರಿಕೆಯ ಮಾತು ಇಲ್ಲ, ಕೆಂಪು ಗೆರೆ ಇಲ್ಲ. ಯಾರು ಅಷ್ಟುದ್ದ ಬರೀತಾರೆ ಬಿಡು ಅಂತ.

ಅಷ್ಟುದ್ದ ಎಂದರೆ ಎಷ್ಟು ಅನ್ನೋದನ್ನೂ ನಾನು ಯೋಚಿಸಿರಲಿಲ್ಲ. ಜಾವಾಸ್ಕ್ರಿಪ್ಟ್‌ಗೆ 'ಕನ್ನಡ' ಮೂರಕ್ಷರ ಅಲ್ಲ, ಐದು: ಕ, ನ, ಹಲಂತ, ನ, ಡ. 'ಸ್ತ್ರೀ' ಅನ್ನುವ ಒಂದಕ್ಷರ ಅದಕ್ಕೆ ಆರು. ಕಣ್ಣಿಗೆ ಚಿಕ್ಕದಾಗಿ ಕಾಣುವ ಶೀರ್ಷಿಕೆ ಯಂತ್ರದ ಲೆಕ್ಕದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು.

ಆ ತಾಣಕ್ಕೆ ನಮ್ಮ ಕಡೆಯ ತಾಲ್ಲೂಕಿನಿಂದ ಸುದ್ದಿ ಕಳಿಸುವವರು ಒಬ್ಬ ನಿವೃತ್ತ ಮೇಷ್ಟ್ರು. ಫೋನ್‌ನಲ್ಲೇ ಬರೀತಾರೆ, ನಿಂತಲ್ಲೇ ಬರೀತಾರೆ. ಕಾಗುಣಿತ ತಪ್ಪಿದ್ದನ್ನ ನಾನು ನೋಡಿಲ್ಲ. ಒಂದು ಬೆಳಿಗ್ಗೆ ಶಾಲೆಯ ಟೆಂಪೊ ಒಂದು ಕೆರೆ ಏರಿ ಮೇಲೆ ಮಗುಚಿತು. ಮಕ್ಕಳಿಗೆ ತರಚು ಗಾಯ, ಒಬ್ಬನಿಗೆ ಕೈ ಮುರಿದಿತ್ತು, ಅಷ್ಟೇ. ಮೇಷ್ಟ್ರು ಅಲ್ಲಿಂದಲೇ ಬರೆದ ಶೀರ್ಷಿಕೆ: 'ಶಾಲಾ ಟೆಂಪೊ ದೊಡ್ಡಕೆರೆ ಏರಿಯಲ್ಲಿ ಪಲ್ಟಿ: 12 ಮಕ್ಕಳ ಪ್ರಾಣಕ್ಕೆ ಅಪಾಯ ಇಲ್ಲ'. ಕಣ್ಣಿನ ಲೆಕ್ಕದಲ್ಲಿ, ಜಾಗ, ಚಿಹ್ನೆ ಎಲ್ಲ ಸೇರಿ 37. ಯಂತ್ರದ ಲೆಕ್ಕದಲ್ಲಿ 65. ಅರವತ್ತನೆಯದ್ದು 'ಅಪಾಯ' ಅನ್ನುವ ಪದದ ಕೊನೆಯ 'ಯ'.

ಕತ್ತರಿ ಎಷ್ಟು ಚೊಕ್ಕಟವಾಗಿ ಬಿತ್ತು ನೋಡಿ. ನಾಲ್ಕು ಮುಂದೆ ಬಿದ್ದಿದ್ರೆ 'ಇಲ್' ಅಂತ ಅರ್ಧಕ್ಕೆ ನಿಲ್ತಿತ್ತು, ಬೆಂಗಳೂರಿನ ಡೆಸ್ಕ್‌ನಲ್ಲಿದ್ದವರು ಏನೋ ತಪ್ಪಿದೆ ಅಂತ ಹಿಡಿದುಬಿಡ್ತಿದ್ರು. 'ಅಪಾಯ'ಕ್ಕೆ ನಿಂತ ಶೀರ್ಷಿಕೆ ಪೂರ್ತಿ ಶೀರ್ಷಿಕೆಯ ಹಾಗೇ ಇತ್ತು. ಪ್ರಕಟವಾಯ್ತು. ಫೋನ್‌ಗಳಿಗೆ ನೋಟಿಫಿಕೇಶನ್ ಹೋಯ್ತು. ನೋಟಿಫಿಕೇಶನ್‌ನಲ್ಲಿ ಶೀರ್ಷಿಕೆ ಬಿಟ್ಟು ಬೇರೇನೂ ಇರಲ್ಲ.

ಇಂಗ್ಲಿಷ್ ಶೀರ್ಷಿಕೆಯಾಗಿದ್ರೆ ಇದು ಸುಲಭಕ್ಕೆ ಆಗ್ತಿರಲಿಲ್ಲ ಅಂತ ಆಮೇಲೆ ಹೊಳೆಯಿತು. ಅಲ್ಲಿ 'ನೋ' ಮೊದಲೇ ಬರುತ್ತೆ, ಬಾಲ ತುಂಡಾದ್ರೂ 'ಯಾರಿಗೂ ಏನೂ ಆಗಿಲ್ಲ' ಅನ್ನುವ ಅರ್ಧ ಉಳಿಯುತ್ತೆ. ಕನ್ನಡ ತನ್ನ 'ಇಲ್ಲ'ವನ್ನ ಕೊನೆಗೆ ಇಟ್ಟುಕೊಳ್ಳುತ್ತೆ. ಬರಲ್ಲ, ಆಗಿಲ್ಲ, ಸತ್ತಿಲ್ಲ, ಅಪಾಯ ಇಲ್ಲ. ನಮ್ಮ ವಾಕ್ಯದಲ್ಲಿ ಅತಿ ಮುಖ್ಯವಾದದ್ದು ಬಾಲದಲ್ಲಿದೆ. ಬಾಲ ಕತ್ತರಿಸುವ ಕೋಡ್ ಬರೆದವನು ಆ ಭಾಷೆಯಲ್ಲೇ ಹುಟ್ಟಿ ಬೆಳೆದವನು.

ಒಂಬತ್ತೂವರೆಗೆ ಊರಿಂದ ಚಿಕ್ಕಮ್ಮ ಫೋನ್ ಮಾಡಿದ್ಳು. ಆಫೀಸ್‌ನಲ್ಲಿ ಸ್ಟ್ಯಾಂಡಪ್ ನಡೀತಿತ್ತು, ಕಟ್ ಮಾಡಿದೆ. ಮತ್ತೆ ಮಾಡಿದ್ಳು. 'ಲೋ ಮಗಾ, ಯಾವ್ದೋ ಸ್ಕೂಲ್ ಟೆಂಪೊ ಬಿದ್ದೈತಂತೆ, ಹನ್ನೆಲ್ಡು ಮಕ್ಳು ಜೀವಕ್ಕೆ ಅಪಾಯ ಅಂತ ಮೊಬೈಲಲ್ಲಿ ಬಂದೈತಂತೆ. ನಮ್ ಹುಡುಗನ ಟೆಂಪೊನೂ ಅದೇ ದಾರೀಲಿ ಹೋಗೋದು. ಸ್ಕೂಲ್ನೋರು ಫೋನ್ ಎತ್ತುತಾ ಇಲ್ಲ ಕಣೋ. ನೀನು ಬೆಂಗ್ಳೂರಲ್ಲಿ ಇದೀಯ, ಒಸಿ ಕೇಳಿ ಹೇಳೋ.' ಕಳೆ ಕೀಳ್ತಿದ್ದ ಹೊಲದಿಂದ ರಸ್ತೆಗೆ ಓಡಿ ಬಂದು ಮಾತಾಡ್ತಿದ್ಳು, ಉಸಿರು ಕೇಳಿಸ್ತಿತ್ತು. ತಾಣ ತೆರೆದು ನೋಡಿದೆ. ಶೀರ್ಷಿಕೆ ನೋಡಿದೆ. ಕೆಳಗೆ ಮೊದಲ ಪ್ಯಾರಾದಲ್ಲೇ ಎಲ್ಲ ಮಕ್ಕಳೂ ಕ್ಷೇಮ ಅಂತಿತ್ತು. ಎರಡನ್ನೂ ಒಟ್ಟಿಗೆ ನೋಡಿದಾಗ, ಯಾರೂ ಹೇಳದೇ, ಏನಾಗಿದೆ ಅಂತ ನನಗೆ ಗೊತ್ತಾಯ್ತು. ಅವಳಿಗೆ 'ಏನೂ ಆಗಿಲ್ಲ ಚಿಕ್ಕಮ್ಮ, ತಪ್ಪಾಗಿ ಬಂದಿದೆ' ಅಂದೆ. ಯಾರ ತಪ್ಪು ಅಂತ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಆಮೇಲೆ ಗೊತ್ತಾಯ್ತು, ಹುಡುಗ ಅವತ್ತು ಆ ಟೆಂಪೊದಲ್ಲಿ ಇರಲೇ ಇಲ್ಲ.

ಶೀರ್ಷಿಕೆ ತಿದ್ದೋಕೆ ನಲವತ್ತು ನಿಮಿಷ ಆಯ್ತು. ಡೆಸ್ಕ್‌ನವರು ತಿದ್ದಿ ಉಳಿಸಿದ್ರೆ ನನ್ನ ಹ್ಯಾಂಡ್ಲರ್ ಮತ್ತೆ ಕತ್ತರಿಸ್ತಿತ್ತು. ಮೂರು ಸಲ ಹಾಗಾದ ಮೇಲೆ 'ಮಕ್ಕಳು ಕ್ಷೇಮ' ಅಂತ ಹಾಕಿ ಪಾರಾದ್ರು. ಅವರು ಮೇಷ್ಟ್ರಿಗೆ ಫೋನ್ ಮಾಡಿ ಬೈದೂ ಆಗಿತ್ತು. ಮಧ್ಯಾಹ್ನ ನಾನು ಮಾಡಿದೆ. ಎಲ್ಲ ಹೇಳಿದೆ, 229, ಹಲಂತ, 65, ಎಲ್ಲ. ಅವರು ಸಮಾಧಾನವಾಗಿ ಕೇಳಿಸಿಕೊಂಡ್ರು. ಕೊನೆಗೆ ಕೇಳಿದ್ದು ಒಂದೇ: 'ಅಲ್ಲಪ್ಪಾ, ಉದ್ದ ಆಯ್ತು ಅಂತ ಒಂದು ಮಾತು ಹೇಳಿದ್ರೆ ನಾನೇ ಕಡಿಮೆ ಮಾಡ್ತಿದ್ನಲ್ಲ? ನಲವತ್ತು ವರ್ಷ ಮಕ್ಕಳ ಪ್ರಬಂಧ ತಿದ್ದಿದೀನಿ. ಪಕ್ಕದಲ್ಲಿ ಗುರುತು ಹಾಕ್ತಿದ್ದೆ. ಹಾಳೆ ಹರಿದು ಕೊಡ್ತಿರಲಿಲ್ಲ.'

ಅವತ್ತು ರಾತ್ರಿ ಕೀಡೌನ್ ಹ್ಯಾಂಡ್ಲರ್ ತೆಗೆದೆ. ಉಳಿಸುವ ಹ್ಯಾಂಡ್ಲರ್‌ನ ಕತ್ತರಿ ಸಾಲು ತೆಗೆದೆ. ಈಗ ಇನ್‌ಪುಟ್ ಇವೆಂಟ್‌ಗೆ ಒಂದು ಎಣಿಕೆ ಇದೆ, ಪದ ಕಟ್ಟಿಕೊಳ್ತಿರುವಾಗ ಅದು ಸುಮ್ಮನಿರುತ್ತೆ, ಮುಗಿದ ಮೇಲೆ ಅಕ್ಷರಗಳನ್ನ ಕಣ್ಣು ಎಣಿಸುವ ಹಾಗೆ ಎಣಿಸುತ್ತೆ. ಮೀರಿದ್ರೆ ಪಕ್ಕದಲ್ಲಿ ಕಿತ್ತಳೆ ಬಣ್ಣದ ಸಂಖ್ಯೆ ಬರುತ್ತೆ. ಅಷ್ಟೇ, ಏನನ್ನೂ ಮುಟ್ಟಲ್ಲ. ಒಟ್ಟು ಹನ್ನೊಂದು ಸಾಲು. ಇದನ್ನ ಮೊದಲೇ ಬರೆಯೋಕೆ ಏನು ದಾಡಿಯಾಗಿತ್ತು ಅಂತ ಕೇಳಿದ್ರೆ ನನ್ನ ಹತ್ತಿರ ಉತ್ತರ ಇಲ್ಲ. ಎಡಿಟರ್‌ಗಳ ದಾಖಲೆ ತೆರೆದರೆ ಟೂಲ್‌ಬಾರ್‌ಗೆ ಪುಟಗಟ್ಟಲೆ ಉದಾಹರಣೆ, ಚಿತ್ರ ಸಮೇತ. ಇವೆಂಟ್‌ಗಳಿಗೆ ಒಂದು ಉದ್ದ ಪಟ್ಟಿ, ಜೊತೆಗೆ ಕೀಲಿ ಒತ್ತಿದಾಗ ಹೀಗೆ ಮಾಡಿ ಅಂತ ಇಂಗ್ಲಿಷ್ ಅಕ್ಷರದ ಎರಡು ಉದಾಹರಣೆ. ಅವನ್ನ ಬರೆದವರ ಮುಂದೆ ಮೇಷ್ಟ್ರು ಇರಲಿಲ್ಲ. ನನ್ನ ಮುಂದೆ ಇದ್ದರು, ಅವರ ನಂಬರ್ ನನ್ನ ಫೋನ್‌ನಲ್ಲೇ ಇತ್ತು. ಟೆಸ್ಟ್ ಮಾಡುವಾಗ ಅವರಿಗೆ ಒಂದು ಲಿಂಕ್ ಕಳಿಸಿದ್ರೆ ಸಾಕಿತ್ತು.

ಮೊನ್ನೆ ತಾಣದ ಹಳೇ ಶೀರ್ಷಿಕೆಗಳನ್ನೆಲ್ಲ ಒಟ್ಟಿಗೆ ನೋಡುವ ಕೆಲಸ ಬಿತ್ತು. ಮೇಷ್ಟ್ರದ್ದನ್ನ ಬೇರೆ ಮಾಡಿ ಓದಿದೆ. ಆ ಟೆಂಪೊ ಸುದ್ದಿಗೆ ಮುಂಚಿನವು 'ನೀರು ಬಿಟ್ಟಿಲ್ಲ', 'ಪರಿಹಾರ ಬಂದಿಲ್ಲ', 'ವೈದ್ಯರೇ ಇಲ್ಲ' ಅಂತ ಮುಗಿಯುತ್ತಿದ್ದವು. ಆಮೇಲಿನವು ಹಾಗೆ ಮುಗಿಯಲ್ಲ. 'ಬಾರದ ಪರಿಹಾರ', 'ನೀರು ಬಿಡದ ಇಲಾಖೆ', 'ವೈದ್ಯರಿಲ್ಲದ ಆಸ್ಪತ್ರೆ'. ಕೋಡ್ ಸರಿ ಮಾಡಿದೀನಿ, ಈಗ ಏನೂ ತುಂಡಾಗಲ್ಲ ಮೇಷ್ಟ್ರೇ, ಧೈರ್ಯವಾಗಿ ಬರೀರಿ ಅಂತ ಅವರಿಗೆ ಎರಡು ಸಲ ಹೇಳಿದ್ದೆ. 'ಆಯ್ತಪ್ಪ' ಅಂದಿದ್ರು. 'ಇಲ್ಲ'ವನ್ನ ಮಾತ್ರ ಅವರು ಇನ್ನೂ ಕೊನೆಗೆ ಇಟ್ಟಿಲ್ಲ.